ಮಾರಿದ ಕಾರಿನ ಗೇರ್ ಎಣ್ಣೆ

ನಮ್ಮ ಮನೆಯ ಅಂಗಳದಲ್ಲಿ ಮೊದಲು ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಹಪ್ಪಳ ಒಣಗುತ್ತವೆ. ಬೀದರಿನ ಬಿಸಿಲು ಹಪ್ಪಳಕ್ಕೆ ಹೇಳಿ ಮಾಡಿಸಿದ್ದು. ಬೆಳಿಗ್ಗೆ ಹರಡಿದರೆ ಊಟದ ಹೊತ್ತಿಗೆ ಗರಿಗರಿಯಾಗಿ ಅಂಚು ಮೇಲೆದ್ದಿರುತ್ತವೆ. ತಿಂದವರು ಹೊಗಳುತ್ತಾರೆ, ನಾನೂ ನಗುತ್ತೇನೆ. ಆದರೆ ಮಗುಚಿ ಹಾಕಲು ಬಗ್ಗಿದಾಗಲೆಲ್ಲ ನನ್ನ ತಲೆಯಲ್ಲಿ ಸುಳಿಯುವುದು ಒಂದೇ ಮಾತು: ಈ ಹೊತ್ತಿಗೆ ಸುಜಾತಾ ನನ್ನ ಕಾರನ್ನು ಎಲ್ಲಿ ಓಡಿಸುತ್ತಿದ್ದಾಳೋ.

ನನ್ನ ಕಾರು ಎಂದೆ, ನೋಡಿ. ಅದು ನನ್ನದಲ್ಲ. ನಾನೇ ಬೇಡವೆಂದು ಮಾರಿದ್ದು. ಅಂಗಳ ಖಾಲಿಯಾಯಿತಲ್ಲ ಎಂದು ಆ ದಿನ ಖುಷಿಯಿಂದ ಗುಡಿಸಿದವಳೂ ನಾನೇ. ನೀವೂ ಎಂದಾದರೂ ಬೇಸರ ಬಂದ ಸೀರೆಯೊಂದನ್ನು ನಾದಿನಿಗೆ ಕೊಟ್ಟಿದ್ದರೆ, ಮುಂದಿನ ಮದುವೆಗೆ ಅವಳು ಅದನ್ನೇ ಉಟ್ಟು ಬಂದಾಗ ನಿಮಗೆ ಏನನಿಸಿತೆಂದು ಸ್ವಲ್ಪ ನೆನಪು ಮಾಡಿಕೊಳ್ಳಿ. ಆ ಸೀರೆಗೆ ಅಷ್ಟು ಚಂದದ ಅಂಚಿತ್ತು ಎಂಬುದು ನಿಮ್ಮ ಕಣ್ಣಿಗೆ ಬಿದ್ದದ್ದೇ ಆಗ. ನನ್ನ ಸಂಕಟವೂ ಆ ಜಾತಿಯದು.

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ನಾನು ಹುಟ್ಟಿ ಬೆಳೆದದ್ದು ಭಾಲ್ಕಿಯಲ್ಲಿ, ಚರ್ಚಿನ ಪಕ್ಕದ ಸಾಲುಮನೆಗಳಲ್ಲಿ. ಕ್ರಿಸ್ಮಸ್ಸಿಗೆ ಅವ್ವ ಒಂದೇ ಥಾನಿನ ಬಟ್ಟೆ ತಂದು ನನಗೂ ನನ್ನ ಅಕ್ಕ ಶೀಲಾಳಿಗೂ ಒಂದೇ ಅಳತೆಯ, ನೆರಿಗೆಯಂಚಿನ ಝಾಲರಿನ ಫ್ರಾಕು ಹೊಲಿಸುತ್ತಿದ್ದಳು. ಜಗಳ ಬರಬಾರದೆಂದು ಗುಂಡಿಗಳೂ ಒಂದೇ ಬಣ್ಣ. ಆದರೂ ಅಕ್ಕನ ಫ್ರಾಕೇ ನನಗೆ ಚೆನ್ನಾಗಿ ಕಾಣುತ್ತಿತ್ತು. ಒಂದು ವರ್ಷ ಅತ್ತು ಕರೆದು ಅದಲು ಬದಲು ಮಾಡಿಕೊಂಡೆ. ಚರ್ಚಿಗೆ ಹೋಗಿ ಬೆಂಚಿನ ಮೇಲೆ ಕುಳಿತು ಅಕ್ಕನ ಕಡೆ ತಿರುಗಿದರೆ, ಈಗ ಅವಳು ತೊಟ್ಟದ್ದೇ ಚಂದ. ಎಲ್ಲರೂ ಹಾಡುತ್ತಿರುವಾಗ ನಾನೊಬ್ಬಳು ಅಳುತ್ತಿದ್ದೆ. ಈ ಹುಡುಗಿಗೆ ಎಂಥ ಭಕ್ತಿ ಎಂದು ಹಿಂದಿನ ಬೆಂಚಿನ ಮುದುಕಿ ನನ್ನ ತಲೆ ಸವರಿದಳು.

ಮುಂದೆ ನಾನು ನರ್ಸ್ ಆದೆ. ಬೀದರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ನೌಕರಿ, ಅದರಲ್ಲಿ ಹೆಚ್ಚಿನ ಕಾಲ ಆಪರೇಷನ್ ಥಿಯೇಟರಿನಲ್ಲಿ. ಸುಜಾತಾ ಬಂದು ಸೇರಿದ್ದು ನನ್ನ ಕೈಕೆಳಗೆ. ಔರಾದ್ ಕಡೆಯ ಸಂತಪುರದ ಹುಡುಗಿ, ಅವರ ಮನೆತನದಲ್ಲಿ ನೌಕರಿ ಹಿಡಿದ ಮೊದಲ ಹೆಣ್ಣುಮಗಳು. ಸಲೈನ್ ಹಚ್ಚುವುದನ್ನು ಅವಳಿಗೆ ಕಲಿಸಿದವಳು ನಾನು. ನರ ಹೇಗೆ ಹುಡುಕಬೇಕು, ಸೂಜಿ ಎಷ್ಟು ಓರೆ ಹಿಡಿಯಬೇಕು ಎಲ್ಲ ತೋರಿಸಿಕೊಟ್ಟೆ. ಕಲಿತು ಒಂದು ಮಳೆಗಾಲ ಕಳೆದಿರಲಿಲ್ಲ, ನಾನು ಟ್ರೇ ಹಿಡಿದು ಹೋದರೆ ರೋಗಿಗಳು ಕೈಯನ್ನು ಹೊದಿಕೆಯೊಳಗೆ ಎಳೆದುಕೊಳ್ಳತೊಡಗಿದರು. "ಆ ಸುಜಾತಾ ಬಾಯಿಗಿ ಕರೀರಿ, ಅವರ ಕೈ ಹಗೂರ ಅದ" ಎನ್ನುತ್ತಿದ್ದರು. ನಾನು ನಗುತ್ತಲೇ ಕರೆಯುತ್ತಿದ್ದೆ. ಆ ನಗುವನ್ನು ಮುಖದ ಮೇಲೆ ನಿಲ್ಲಿಸಲು ಎಷ್ಟು ಕಷ್ಟಪಡುತ್ತಿದ್ದೆನೆಂದು ನನಗೆ ಗೊತ್ತು.

ಅವಳೇನಾದರೂ ಜಂಬದವಳಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಆದರೆ ಅವಳು ಎಲ್ಲರ ಮುಂದೆ "ಇದೆಲ್ಲಾ ನಮ್ಮ ಪ್ರೇಮಕ್ಕ ಕಲ್ಸ್ಯಾರ್ರಿ" ಎಂದುಬಿಡುತ್ತಿದ್ದಳು. ಅಂಥವಳ ಮೇಲೆ ಹೇಗೆ ಸಿಟ್ಟು ಮಾಡುವುದು? ಮಾಡಿದರೂ ಯಾರಿಗೆ ಹೇಳುವುದು?

ಇನ್ನು ಕಾರಿನ ಮಾತು. ನಾನು ಕಾರು ಕಲಿತದ್ದು ತಲೆ ನರೆತ ಮೇಲೆ. ವರ್ಷಗಟ್ಟಲೆ ಆಪರೇಷನ್ ಟೇಬಲ್ಲಿನ ಪಕ್ಕ ನಿಂತೂ ನಿಂತೂ ಎಡಗಾಲಿನ ಮಂಡಿ ಕೆಟ್ಟಿತ್ತು, ಕ್ಲಚ್ ಒತ್ತುವುದು ಆಗದ ಮಾತು. ಅದಕ್ಕೇ ಯಾರೋ ಓಡಿಸಿಬಿಟ್ಟ ಹಳೆಯ ಆಟೊಮ್ಯಾಟಿಕ್ ಕಾರೊಂದನ್ನು ಹುಡುಕಿ ತಂದೆವು. ಬೆಲ್ಲದ ಬಣ್ಣದ್ದು. ಕ್ಲಚ್ ಇಲ್ಲ, ಗೇರ್ ತಾನಾಗಿಯೇ ಬದಲಾಗುತ್ತದೆ, ಎಡಗಾಲು ಸುಮ್ಮನೆ ಕೂರಬಹುದು. ನನ್ನ ಯಜಮಾನರು ಸುಂದರರಾಜರು ಪೋಸ್ಟ್ ಆಫೀಸಿನಲ್ಲಿದ್ದವರು, ಸ್ಕೂಟರಿನ ಆಚೆಗೆ ಯಾವ ವಾಹನವನ್ನೂ ನಂಬಿದವರಲ್ಲ. ಅವರು ಪಕ್ಕದ ಸೀಟಿನಲ್ಲಿ ಕೂರುತ್ತಿದ್ದರು, ಓಡಿಸುತ್ತಿದ್ದವಳು ನಾನು. ಮೊದಲ ಸಲ ಭಾಲ್ಕಿಗೆ, ಅಕ್ಕ ಶೀಲಾಳ ಮನೆಗೆ, ನಾನೇ ಓಡಿಸಿಕೊಂಡು ಹೋದೆ. ಅವಳು ಬಾಗಿಲಿಗೆ ಬಂದು ನನ್ನನ್ನೂ ಕಾರನ್ನೂ ಮತ್ತೆ ಮತ್ತೆ ನೋಡಿ, "ಬಿಸಲಾಗ ಯಾಕ ನಿಂತಿ, ಒಳಗ ಬಾ" ಎಂದಳು. ಆ ನೋಟದಲ್ಲಿ ನನ್ನ ಬಾಲ್ಯದ ಫ್ರಾಕುಗಳ ಲೆಕ್ಕವೆಲ್ಲ ಚುಕ್ತವಾಯಿತು.

ಕೆಲವು ವರ್ಷ ಹೀಗೆ ಸುಖವಾಗಿದ್ದೆ. ಆಮೇಲೆ ಕಾರಿಗೆ ಕಾಯಿಲೆ ಬಂತು. ಗೇರಿನ ಸರಳನ್ನು ಡ್ರೈವ್‌ಗೆ ಎಳೆದರೆ ಏನೂ ಆಗದು. ಏನಾಯಿತಪ್ಪಾ ಎಂದು ಯೋಚಿಸುವಷ್ಟು ಹೊತ್ತು ಕಳೆದ ಮೇಲೆ ಕೆಳಗೆ ಧಡ್ ಎಂದು ಸದ್ದಾಗಿ, ಕತ್ತು ಹಿಂದಕ್ಕೆ ಎಗರಿ, ಕಾರು ಮುಂದೆ ಜಿಗಿಯುತ್ತಿತ್ತು. ಭಾಲ್ಕಿ ದಾರಿಯ ಹಲಬರ್ಗಾ ದಾಟಿದ ಮೇಲಿನ ಏರಿನಲ್ಲಿ ಎಂಜಿನ್ ಕೂಗುತ್ತಿತ್ತು, ಚಕ್ರಕ್ಕೆ ಮಾತ್ರ ಸುದ್ದಿ ಮುಟ್ಟುತ್ತಿರಲಿಲ್ಲ. ತೋರಿಸಿದ ಕಡೆಯಲ್ಲೆಲ್ಲ ಒಂದೇ ಉತ್ತರ: ಗೇರ್‌ಬಾಕ್ಸ್ ಹೋಗಿದೆ. ಎಣ್ಣೆ ಬದಲಿಸಿದರೆ ಆಗದೇ ಎಂದು ಕೇಳಿದೆ. ಹಾಗೆ ಮಾಡಿದರೆ ಇರುವ ಜೀವವೂ ಹೋಗುತ್ತದೆ, ಹಳೆಯ ಗೇರ್‌ಬಾಕ್ಸು ಹಳೆಯ ಎಣ್ಣೆಯ ಮೇಲೇ ಬದುಕಿರುತ್ತದೆ ಎಂದರು. ನಾನು ಹೆದರಿದೆ. ಸುಜಾತಾ ಕೇಳಿದಳು, ಕೊಟ್ಟುಬಿಟ್ಟೆ.

"ಗೇರ್‌ಬಾಕ್ಸ್ ಹೋಗ್ಯಾದ ನೋಡು ಸುಜಾತಾ. ಆಮ್ಯಾಲ ನನಗ ಅನಬ್ಯಾಡ" ಎಂದು ಮೊದಲೇ ಹೇಳಿದ್ದೆ.

"ಇರ್ಲಿ ಬಿಡ್ರಿ ಅಕ್ಕಾ. ಎಷ್ಟ್ ದಿನ ಓಡ್ತದೋ ಓಡ್ಲಿ" ಎಂದಿದ್ದಳು. ಅವಳೀಗ ಔರಾದಿನ ಆಸ್ಪತ್ರೆಯಲ್ಲಿದ್ದಾಳೆ. ಗಂಡ ಮಿಲಿಂದ ಅಲ್ಲೇ ಹೈಸ್ಕೂಲಿನಲ್ಲಿ ಆಟದ ಮಾಸ್ತರ.

ಕಳೆದ ಬೇಸಿಗೆಗೆ ಮೊದಲು ಅವಳ ಫೋನ್ ಬಂತು.

"ಅಕ್ಕಾ, ಬರೂ ಐತಾರ ಖಾಲಿ ಅದೀರೇನ್ರಿ? ಕಾರಿಂದು ಗೇರ್ ಎಣ್ಣಿ ಬದಲ್ ಮಾಡ್ತೇನಿ. ಫಿಲ್ಟರ್ ಭೀ ಹೊಸಾದು ಹಾಕ್ತೇನಿ. ಅವ್ರು ಹೈದರಾಬಾದಿಗಿ ಹೋದಾಗ ತಂದಾರ."

"ಎಲ್ಲಿ ಮಾಡಸ್ತಿ?"

"ಮಾಡ್ಸಾದೇನ್ರಿ, ನಾನೇ ಮಾಡ್ತೇನಿ. ಸಂತಪುರದಾಗ ನಮ್ಮ ತಮ್ಮಂದು ಗಾಡಿ ತೊಳಿಯೂ ಜಾಗಾ ಅದ ಅಲ್ರಿ, ಅಲ್ಲಿ ಗಾಡಿ ಕೆಳಗ ನಿಂತು ಕೆಲಸಾ ಮಾಡೂ ಗುಂಡಿ ಅದ. ಮೊಬೈಲ್‌ನಾಗ ಎಲ್ಲಾ ನೋಡ್ಕೊಂಡೀನಿ. ನೀವು ಬಂದು ಬಾಜೂಕ ನಿಂತ್ರಿ ಅಂದ್ರ ನನಗ ಧೈರ್ಯ."

ಫೋನ್ ಇಟ್ಟ ಮೇಲೆ ನನಗೆ ತಡೆಯಲಾಗಲಿಲ್ಲ. ನಾನು ಹೆದರಿ ಬಿಟ್ಟ ಕೆಲಸವನ್ನು ಅವಳು ಹಗುರವಾಗಿ ಹೇಳಿದ ರೀತಿಯೇ ಸಾಕಿತ್ತು. ಆದರೂ ಒಂದು ಸಮಾಧಾನವಿತ್ತು. ಅಷ್ಟು ಜನ ಹೇಳಿದ್ದು ಸುಳ್ಳಾಗಲಿಕ್ಕಿಲ್ಲ. ಎಣ್ಣೆ ಇಳಿಸಿದರೆ ತಳದಲ್ಲಿ ಲೋಹದ ಚೂರುಗಳು ಸಿಗುತ್ತವೆ, ಕಾರು ಅಲ್ಲೇ ಕೂರುತ್ತದೆ, ಮಾರಿದ್ದು ಸರಿಯಾಯಿತೆಂದು ನಾನು ನಿಟ್ಟುಸಿರಿಡಬಹುದು. ಆ ಭಾನುವಾರ ಚರ್ಚಿನಲ್ಲಿ ಏನು ಉಪದೇಶ ನಡೆಯಿತೆಂದು ನನ್ನನ್ನು ಕೇಳಬೇಡಿ. ಕಣ್ಣುಮುಚ್ಚಿದಾಗಲೆಲ್ಲ ನನಗೆ ಗೇರ್‌ಬಾಕ್ಸೇ ಕಾಣುತ್ತಿತ್ತು.

ಚರ್ಚು ಬಿಟ್ಟೊಡನೆ ಔರಾದಿನ ಬಸ್ಸು ಹತ್ತಿದೆವು. ಸ್ವಂತ ಕಾರಿದ್ದವರು ಬಸ್ಸಿನಲ್ಲಿ ನಿಂತು, ಆ ಕಾರಿನ ಸೇವೆಗೆಂದೇ ಹೋಗುವುದರಲ್ಲಿ ಏನೋ ಒಂದು ಅನ್ಯಾಯವಿದೆ ಎನಿಸುತ್ತಿತ್ತು. ಯಜಮಾನರು ಮಾತ್ರ ಜಾತ್ರೆಗೆ ಹೊರಟವರಂತೆ ಖುಷಿಯಾಗಿದ್ದರು. ಹಳೆಯ ಪ್ಯಾಂಟು, ಹಳೆಯ ಅಂಗಿಯ ಜೋಡಿಯನ್ನು ಚೀಲದಲ್ಲಿ ಹಾಕಿಕೊಂಡಿದ್ದರು. ಈ ಮನುಷ್ಯ ಕಾರು ನಮ್ಮಲ್ಲಿದ್ದಷ್ಟು ದಿನ ಅದರ ಬಾನೆಟ್ ಎತ್ತಿ ನೋಡಿದವರಲ್ಲ.

"ಅರಬಿ ಯಾಕ ತಂದೀರಿ?" ಎಂದೆ.

"ಗುಂಡಿಯಾಗ ಇಳೀಬೇಕಲ್ಲ."

"ನಮ್ಮ ಮನ್ಯಾಗ ಇದ್ದಾಗ ಒಂದಿನಾ ಇಳೀಲಿಲ್ಲ."

"ನಮ್ಮ ಮನ್ಯಾಗ ಗುಂಡಿ ಎಲ್ಲಿತ್ತು?" ಎಂದು ಕಿಟಕಿಯಾಚೆ ನೋಡತೊಡಗಿದರು.

ಸಂತಪುರದಲ್ಲಿ ಇಳಿದು ನಡೆದು ಹೋದರೆ ಕಾರು ಆಗಲೇ ಗುಂಡಿಯ ಮೇಲೆ ನಿಂತಿತ್ತು. ತೊಳೆದು ಒರೆಸಿ ಇಟ್ಟಿದ್ದಳು. ಸೀಟಿಗೆ ಹೊಸ ಬಟ್ಟೆ, ಕನ್ನಡಿಗೆ ಒಂದು ಸಣ್ಣ ಬುದ್ಧನ ಬಿಲ್ಲೆ. ಅಷ್ಟು ವರ್ಷ ನಾನು ಓಡಿಸಿದ ಕಾರಿನ ಬಣ್ಣ ಇಷ್ಟು ಒಳ್ಳೆಯದೆಂದು ನನಗೆ ಗೊತ್ತೇ ಇರಲಿಲ್ಲ. ಸುಜಾತಾ ಗಂಡನ ಹಳೆಯ ಟ್ರ್ಯಾಕ್ ಪ್ಯಾಂಟು, ಅಂಗಿ ತೊಟ್ಟು, ತಲೆಗೆ ಆಪರೇಷನ್ ಥಿಯೇಟರಿನ ಟೋಪಿ ಹಾಕಿ, ಕೈಗೆ ಗ್ಲೌಸು ಏರಿಸಿ ನಿಂತಿದ್ದಳು. ಮಿಲಿಂದ ಮಕ್ಕಳ ತಂಡ ಕರೆದುಕೊಂಡು ಯಾವುದೋ ಪಂದ್ಯಕ್ಕೆ ಹೋಗಿದ್ದನಂತೆ. ಅವಳ ತಮ್ಮ ಆ ಜಾಗದ ಬೀಗದಕೈ ಕೊಟ್ಟು ಹೊಲಕ್ಕೆ ಹೋಗಿದ್ದ. ಉಳಿದವರು ನಾವು ಮೂವರೇ.

ಎಣ್ಣೆ ಸರಾಗವಾಗಿ ಇಳಿಯಲೆಂದು ಅವಳು ಮೊದಲೇ ಎಕಂಬಾ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ಎಂಜಿನ್ ಬೆಚ್ಚಗೆ ಮಾಡಿದ್ದಳು. ಅವಳೂ ಯಜಮಾನರೂ ಗುಂಡಿಗೆ ಇಳಿದರು. ಮಂಡಿಯ ನೆಪದಲ್ಲಿ ನಾನು ಮೇಲೆ ಒಂದು ಸ್ಟೂಲಿನ ಮೇಲೆ ಕೂತು, ಬೇಕಾದ್ದನ್ನು ಕೈಗೆ ಕೊಡುವವಳಾದೆ. ಥಿಯೇಟರಿನಲ್ಲಿ ನಾನು ಮಾಡುತ್ತಿದ್ದ ಕೆಲಸವೇ ಇದು. ಆಗ ದೊಡ್ಡ ಡಾಕ್ಟರರಿಗೆ ಕೊಡುತ್ತಿದ್ದೆ, ಈಗ ಸುಜಾತಾಳಿಗೆ ಬೋಲ್ಟು ಬಿಚ್ಚುವ ಪಾನಾ ಕೊಡುತ್ತಿದ್ದೆ.

ಗೇರ್‌ಬಾಕ್ಸಿನ ತಳದಲ್ಲಿ ಅಗಲವಾದ ಒಂದು ತಟ್ಟೆಯಿದೆ. ಸುತ್ತಲೂ ಬೋಲ್ಟು. ಅವಳು ಎಲ್ಲ ಬೋಲ್ಟುಗಳನ್ನೂ ಒಂದೇ ಸಲ ಬಿಚ್ಚಲಿಲ್ಲ. ಒಂದು ಮೂಲೆಯವನ್ನು ಸಡಿಲಿಸಿ ತಟ್ಟೆ ತುಸುವೇ ವಾಲುವಂತೆ ಮಾಡಿದಳು. ಎಣ್ಣೆ ಸಣ್ಣ ಧಾರೆಯಾಗಿ ಕೆಳಗಿನ ಬಕೆಟ್ಟಿಗೆ ಇಳಿಯಿತು. ಕೆಂಪಗಿರಬೇಕಾದ ಎಣ್ಣೆ ಕರಿಗಂದು ಬಣ್ಣಕ್ಕೆ ತಿರುಗಿತ್ತು, ಹೊತ್ತಿಹೋದ ಒಗ್ಗರಣೆಯ ವಾಸನೆ. ನನಗೆ ಒಳಗೊಳಗೇ ಆಸೆ ಚಿಗುರಿತು. ಆಯಿತು, ಇನ್ನು ಚೂರುಗಳು ಬರುತ್ತವೆ ಎಂದುಕೊಂಡೆ.

ತಟ್ಟೆ ಪೂರ್ತಿ ಇಳಿಸಿ ನನ್ನ ಕೈಗೆ ಕೊಟ್ಟಳು. ತಳದಲ್ಲಿ ಸಣ್ಣ ಆಯಸ್ಕಾಂತಗಳಿದ್ದವು, ಅವುಗಳ ಮೇಲೆ ಕಾಡಿಗೆಯಂಥ ನುಣುಪಾದ ಕೆಸರು. ಬೆರಳಿನಿಂದ ತೀಡಿ ತೀಡಿ ನೋಡಿದೆ. ಒಂದು ಚೂರೂ ಇರಲಿಲ್ಲ.

"ಏನರ ಅದೇನ್ರಿ ಅಕ್ಕಾ?" ಕೆಳಗಿನಿಂದ ಕೇಳಿದಳು. ಅವಳ ದನಿಯಲ್ಲಿ ಹೆದರಿಕೆಯಿತ್ತು.

"ಏನಿಲ್ಲ. ಬರೇ ಕೆಸರದ."

"ಅಂದ್ರ ಚಲೋ ಅಲ್ರಿ? ಒಳಗ ಏನೂ ಮುರದಿಲ್ಲ ಅಂದ್ಹಂಗ."

"ಚಲೋನೇ" ಎಂದೆ. ಯಜಮಾನರು ಗುಂಡಿಯೊಳಗಿನಿಂದ "ಶಾಭಾಸ್ ಸುಜಾತಾ" ಎಂದರು. ನನ್ನ ಹೆಸರಿನ ಜೊತೆ ಆ ಪದವನ್ನು ಅವರ ಬಾಯಲ್ಲಿ ನಾನು ಕೇಳಿದ ನೆನಪಿಲ್ಲ.

ಆಮೇಲೆ ಹಳೆಯ ಫಿಲ್ಟರನ್ನು ಎಳೆದು ತೆಗೆದಳು. ಕಪ್ಪಾಗಿ ಕಟ್ಟಿಹೋಗಿತ್ತು. ಅದನ್ನೂ ಮೇಲೆ ಕೊಟ್ಟಳು. ನಾನು ತಟ್ಟೆ ತೊಳೆದು ಒರೆಸಿದೆ, ಅಂಚಿಗೆ ಅಂಟಿದ್ದ ಹಳೆಯ ಪ್ಯಾಕಿಂಗನ್ನು ಬ್ಲೇಡಿನಿಂದ ನಿಧಾನಕ್ಕೆ ಕೆರೆದೆ, ಹೊಸದನ್ನು ಕೂರಿಸಿದೆ. ಹೊಸ ಫಿಲ್ಟರನ್ನು ಪೊಟ್ಟಣದಿಂದ ಬಿಡಿಸಿ ಹಳೆಯದರ ಪಕ್ಕದಲ್ಲಿಟ್ಟೆ. ಆಗಲೇ ನೋಡಿದ್ದು. ಹೊಸದರ ಮೂತಿಗೆ ಕಪ್ಪು ರಬ್ಬರಿನ ಬಳೆಯೊಂದಿತ್ತು. ಹಳೆಯದರ ಮೂತಿ ಬೋಳು.

ಎಂದರೆ ಹಳೆಯ ಬಳೆ ಮೇಲೆ, ಫಿಲ್ಟರು ಕೂರುವ ತೂತಿನೊಳಗೇ ಅಂಟಿಕೊಂಡಿದೆ. ಅದರ ಮೇಲೆ ಹೊಸದನ್ನು ಒತ್ತಿದರೆ ಫಿಲ್ಟರು ಸರಿಯಾಗಿ ಕೂರುವುದಿಲ್ಲ, ಗೇರ್‌ಬಾಕ್ಸು ಎಣ್ಣೆಯ ಜೊತೆ ಗಾಳಿಯನ್ನೂ ಎಳೆಯುತ್ತದೆ. ಕಾರು ಮೊದಲಿಗಿಂತ ಕೆಡುತ್ತದೆ. ಇದನ್ನು ತಿಳಿಯಲು ಗೇರ್‌ಬಾಕ್ಸು ಓದಿರಬೇಕಾಗಿಲ್ಲ. ಆಪರೇಷನ್ನಿನಲ್ಲಿ ಹೊಟ್ಟೆಯೊಳಗೆ ಹೋದದ್ದೆಲ್ಲ ಹೊರಗೆ ಬಂತೋ ಇಲ್ಲವೋ ಎಂದು ನೋಡುವುದರಲ್ಲೇ ನನ್ನ ನೌಕರಿ ಕಳೆದಿದೆ.

ಗುಂಡಿಯಲ್ಲಿದ್ದ ಇಬ್ಬರಿಗೂ ಇದು ಗೊತ್ತಿರಲಿಲ್ಲ. ಸುಜಾತಾ ಕೈ ಮೇಲೆತ್ತಿ ಹೊಸ ಫಿಲ್ಟರಿಗಾಗಿ ಕಾಯುತ್ತಿದ್ದಳು. ನಾನು ಕೊಟ್ಟೆ.

ಹೌದು, ಕೊಟ್ಟೆ. ಏನೂ ಹೇಳದೆ ಕೊಟ್ಟೆ. ಆ ಕ್ಷಣದಲ್ಲಿ ನನ್ನ ಮನಸ್ಸಿನಲ್ಲಿದ್ದದ್ದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೆ ನೀವೇನು ಪರಕೀಯರೇ. ಕಾರು ಕೆಟ್ಟು ನಿಂತದ್ದು ಕಾಣುತ್ತಿತ್ತು. "ನೀವು ಹೇಳಿದ್ದು ಖರೇ ಆಯ್ತ್ರಿ ಅಕ್ಕಾ" ಎಂದು ಅವಳು ಅನ್ನುವುದು ಕೇಳುತ್ತಿತ್ತು. ಹಗುರ ಕೈಯವಳ ಕೈಯೂ ಒಂದು ಸಲ ತಪ್ಪಿತಲ್ಲ ಎಂಬ ತಂಪೊಂದು ಎದೆಯಲ್ಲಿ ಇಳಿಯುತ್ತಿತ್ತು. ಯಾರೂ ನನ್ನನ್ನು ದೂರುವಂತಿರಲಿಲ್ಲ. ಸ್ಟೂಲಿನ ಮೇಲೆ ಕೂತ ಮಂಡಿನೋವಿನ ಹೆಂಗಸಿಗೆ ಗೇರ್‌ಬಾಕ್ಸಿನ ವಿಷಯ ಏನು ಗೊತ್ತು?

ಸುಜಾತಾ ಫಿಲ್ಟರನ್ನು ಮೇಲಕ್ಕೆ ಹಿಡಿದವಳು ಒತ್ತುವ ಮೊದಲು ನನ್ನ ಕಡೆ ನೋಡಿದಳು.

"ಅಕ್ಕಾ, ಎಲ್ಲಾ ಬರಾಬರ್ ಅದಲ್ರಿ? ಮುಚ್ಚಲೇನ್ರಿ?"

ಹೊಟ್ಟೆ ಹೊಲಿಯುವ ಮುಂಚೆ ಡಾಕ್ಟರರು ಇದೇ ಮಾತನ್ನು ಕೇಳುತ್ತಿದ್ದರು. ಎಲ್ಲ ಸರಿಯಿದೆಯಾ ಸಿಸ್ಟರ್, ಮುಚ್ಚಲಾ? ಆ ಪ್ರಶ್ನೆಗೆ ನಾನು ಒಂದು ದಿನವೂ ಸುಳ್ಳು ಉತ್ತರ ಕೊಟ್ಟವಳಲ್ಲ. ಈಗಲೂ ಬಾಯಿ ತಾನಾಗಿ ತೆರೆಯಿತು. ಅದನ್ನು ನನ್ನ ಒಳ್ಳೆಯತನವೆಂದು ಭಾವಿಸಬೇಡಿ, ಹೊಟ್ಟೆಕಿಚ್ಚಿಗಿಂತ ಹಳೆಯದಾದ ಅಭ್ಯಾಸ ಅಷ್ಟೇ.

"ತಡಿ" ಎಂದೆ. "ಮುಚ್ಚಬ್ಯಾಡ. ಹಳೀ ಫಿಲ್ಟರಿನ ರಬ್ಬರ್ ಬಳಿ ಬಂದಿಲ್ಲ. ಮ್ಯಾಲೇ ಉಳದದ, ಬಟ್ಟು ಹಾಕಿ ನೋಡು."

ಅವಳು ಫಿಲ್ಟರನ್ನು ಯಜಮಾನರ ಕೈಗೆ ಕೊಟ್ಟು, ಕಿರುಬೆರಳನ್ನು ಆ ತೂತಿನೊಳಗೆ ಇಳಿಸಿ, ಕಣ್ಣುಮುಚ್ಚಿ ತಡವಿದಳು. ನರ ಹುಡುಕುವಾಗಲೂ ಅವಳು ಹೀಗೇ ಕಣ್ಣುಮುಚ್ಚುತ್ತಿದ್ದಳು. ಸ್ವಲ್ಪ ಹೊತ್ತಿಗೆ ಗಟ್ಟಿಯಾಗಿ ಒಣಗಿಹೋಗಿದ್ದ ಬಳೆ, ಎಲ್ಲೂ ಗೀಚದೆ, ಅವಳ ಬೆರಳಿಗೆ ಉಂಗುರದಂತೆ ಸಿಕ್ಕಿಕೊಂಡು ಬಂತು. ನಾನಾಗಿದ್ದರೆ ಸ್ಕ್ರೂಡ್ರೈವರ್ ಹಾಕಿ ಒಳಗೆಲ್ಲ ಗೀರು ಬೀಳಿಸುತ್ತಿದ್ದೆ. ಕಂಡುಹಿಡಿದದ್ದು ನಾನು, ಆದರೂ ಹೊಟ್ಟೆ ಉರಿದದ್ದು ನನ್ನದೇ.

"ನೀವು ಇರ್ಲಿಲ್ಲಂದ್ರ ಗಾಡಿ ಹೋಗಿಬಿಡ್ತಿತ್ರಿ ಅಕ್ಕಾ" ಎಂದಳು ಸುಜಾತಾ. ಅವಳ ಕಣ್ಣು ನಿಜಕ್ಕೂ ತೇವವಾಗಿತ್ತು. ನಾನು ಬಕೆಟ್ಟಿನ ಕಡೆ ನೋಡಿದೆ.

ಉಳಿದದ್ದು ಬೇಗ ಮುಗಿಯಿತು. ಬೋಲ್ಟುಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದರು. ಇಳಿದ ಎಣ್ಣೆಯನ್ನು ಅಳೆದು ಅಷ್ಟನ್ನೇ ಹೊಸದಾಗಿ ಸುರಿದೆವು. ಎಂಥ ಬಣ್ಣ ಅಂತೀರಿ, ದಾಳಿಂಬೆಯ ರಸದಂತಿತ್ತು. ಸುಜಾತಾ ಸೀಟಿನಲ್ಲಿ ಕೂತು ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿ ಹಿಡಿದು, ಸರಳನ್ನು ಎಲ್ಲ ಗೇರುಗಳಲ್ಲೂ ನಿಲ್ಲಿಸಿ ನಿಲ್ಲಿಸಿ ತಿರುಗಿಸಿದಳು. ಕಾರನ್ನು ಸಮತಟ್ಟಾದ ಜಾಗಕ್ಕೆ ತಂದು, ಎಂಜಿನ್ ಓಡುತ್ತಿರುವಾಗಲೇ ಅಳತೆಯ ಕಡ್ಡಿ ಎಳೆದು ನೋಡಿದೆವು. ತುಸು ಕಡಿಮೆಯಿತ್ತು, ಹಾಕಿದೆವು. ಹಳೆಯ ಎಣ್ಣೆ ಒಂದಿಷ್ಟು ಒಳಗೇ ಉಳಿದಿರುತ್ತದಂತೆ, ಕೆಲವು ದಿನ ಓಡಿಸಿ ಇನ್ನೊಮ್ಮೆ ಬದಲಿಸಬೇಕಂತೆ.

ಅವಳು ಡ್ರೈವ್‌ಗೆ ಎಳೆದಳು. ನಾನು ಧಡ್ ಎಂಬ ಸದ್ದಿಗೆ ಕಿವಿಗೊಟ್ಟು ಕಾದೆ. ಬರಲಿಲ್ಲ. ಕಾರು ಯಾರಿಗೂ ಗೊತ್ತಾಗದ ಹಾಗೆ ಹೊರಟೇಬಿಟ್ಟಿತು.

ಊಟವಾದ ಮೇಲೆ ಬಸ್ಸಿಗೆ ಹೊರಟೆವು. ಸುಜಾತಾ ಬಿಡಲಿಲ್ಲ. "ಬಸ್ಸಿಗ್ಯಾಕ್ರಿ, ನಾನೇ ಬೀದರ್ ತನಕ ಬಿಡ್ತೇನಿ" ಎಂದಳು. ಯಜಮಾನರು ಆಗಲೇ ಹಿಂದಿನ ಸೀಟಿನಲ್ಲಿದ್ದರು. ಮಾಂಜ್ರಾ ಸೇತುವೆ ದಾಟಿದ ಮೇಲೆ ಅವಳು ಕಾರನ್ನು ಬದಿಗೆ ನಿಲ್ಲಿಸಿ, "ಇಲ್ಲಿಂದ ನೀವು ಹೊಡೀರಿ ಅಕ್ಕಾ. ನಿಮ್ಮ ಕೈಯಾಗ ಹ್ಯಾಂಗ ಹೋಗ್ತದ ನೋಡ್ರಿ" ಎಂದಳು. ಇಷ್ಟು ಒಳ್ಳೆಯವಳಾಗುವ ಹಕ್ಕು ಅವಳಿಗೆ ಯಾರು ಕೊಟ್ಟರೋ.

ನಾನು ಸೀಟನ್ನು ಹಿಂದಕ್ಕೆ ಸರಿಸಿಕೊಂಡು ಕೂತೆ. ಏರು ಬಂತು. ಗೇರು ಬದಲಾದದ್ದು ಕಾಲಿಗೆ ತಿಳಿಯಲಿಲ್ಲ, ಕಿವಿಗಷ್ಟೇ ತಿಳಿಯಿತು. ಮುಂದಿದ್ದ ಲಾರಿಯನ್ನು ದಾಟುವಾಗ ಸ್ವಲ್ಪ ಒತ್ತಿದೆ, ಕಾರು ಸುಮ್ಮನೆ ಮುಂದೆ ಹೋಯಿತು. ನಾನು ಎಂದೂ ಓಡಿಸಿರದ ಕಾರು ಇದು.

"ಸಾವಕಾಶ್ರಿ ಅಕ್ಕಾ, ಮುಂದ ಗುಂಡಿ ಅದ" ಎಂದಳು ಸುಜಾತಾ.

"ಕಾಣ್ಸತದ."

ಇನ್ನಷ್ಟು ದೂರ ಹೋದ ಮೇಲೆ, "ಬ್ರೇಕ್ ಅಷ್ಟು ಜೋರ್ ಒತ್ತಬ್ಯಾಡ್ರಿ" ಎಂದಳು. ಆಮೇಲೆ, ಕಿಟಕಿಯ ಗಾಜು ಇಳಿಸಬಾರದು, ಅದು ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ ಎಂದಳು. ಆ ಗಾಜಿನ ಕಥೆ ಅವಳಿಗಿಂತ ಮೊದಲು ನನಗೆ ಗೊತ್ತಿದ್ದದ್ದು.

"ಚಂದ ಹೊಡೀಲತ್ತಾಳ ನೋಡು ನಮ್ಮ ಪ್ರೇಮಾ" ಎಂದರು ಯಜಮಾನರು ಹಿಂದಿನಿಂದ. "ಗಾಡಿ ಆಕಿನ ಮಾತ್ ಕೇಳ್ತದ."

ನಾನು ಪಕ್ಕದ ಸುಜಾತಾಳನ್ನು ಓರೆಗಣ್ಣಿನಿಂದ ನೋಡಿದೆ. ಒಂದು ಕೈ ಡ್ಯಾಶ್‌ಬೋರ್ಡಿನ ಮೇಲಿತ್ತು, ಬಲಗಾಲು ಅವಳ ಮುಂದೆ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಮುಖದ ಮೇಲೆ ಒಂದು ನಗು ಇತ್ತು. ಅದನ್ನು ಅಲ್ಲಿ ನಿಲ್ಲಿಸಿಡಲು ಅವಳು ಪಡುತ್ತಿದ್ದ ಕಷ್ಟ ನನಗೆ ಚೆನ್ನಾಗಿ ಅರ್ಥವಾಯಿತು. ಇಷ್ಟು ವರ್ಷದಲ್ಲಿ ಈ ಹುಡುಗಿಯ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿ ಬಂದದ್ದು ಅದೇ ಮೊದಲು.

"ಅಕ್ಕಾ, ನಿಮ್ಮ ಮನಿ ತಿರುವು ಬಂತ್ರಿ" ಎಂದಳು.

"ಹೌದಲ್ಲ" ಎಂದೆ. ಆದರೆ ತಿರುಗಿಸಲಿಲ್ಲ. ಕೋಟೆಯ ಕಡೆ ರಸ್ತೆ ಖಾಲಿಯಿತ್ತು, ನೇರ ಬಿಟ್ಟೆ.